ಓಗೊಡುವ ಹೆಸರು

ಒಂದು ಸ್ಟೀಲ್ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಗದಗಿನ ಪಾತ್ರೆ ಅಂಗಡಿಯಲ್ಲಿ ನಾನು ಪೆಚ್ಚುಮೋರೆ ಹಾಕಿ ನಿಂತದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಬಟ್ಟಲು ಚೆನ್ನಾಗಿಯೇ ಇತ್ತು. ದುಂಡಗೆ, ಅಂಚು ಮಡಿಚಿದ್ದು, ಕೂಸಿನ ತುಟಿಗೆ ಚುಚ್ಚದಂಥದ್ದು. ಪಾತ್ರೆಗಳ ಮೇಲೆ ಹೆಸರು ಕೊರೆಯುವ ದಾದಾಪೀರ ಮಾಮಾ ಕರೆಂಟಿನ ಸೂಜಿಯನ್ನು ಜುಂಯ್ ಎನ್ನಿಸಿ ತಯಾರಾಗಿ ಕೂತು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹೇಳ್ರಿ ಅಕ್ಕಾರ, ಏನ್ ಹೆಸರ ಹಾಕ್ಲಿ?"

"ಹೆಸರ ಇನ್ನಾ ಇಟ್ಟಿಲ್ಲರಿ ಮಾಮಾ."

"ಯಾವಾಗ ಇಡೂದೈತಿ?"

"ಬರೂ ಐತವಾರ."

"ಯಾರು ಇಡಾವ್ರು?"

"ನಾನ."

ಮಾಮಾ ಸೂಜಿಯನ್ನು ಬಂದ್ ಮಾಡಿದರು. "ಇಡಾವ್ರೂ ನೀವ, ಹಾಕಸಾಕ ಬಂದಾವ್ರೂ ನೀವ. ಮತ್ತ ಇನ್ಯಾರನ್ನ ಕೇಳಾಕ ಹೋಗೂದೈತಿ? ಹೇಳಿಬಿಡ್ರಿ ಅತ್ಲಾಗ."

ಅಷ್ಟು ಸುಲಭವಿದ್ದಿದ್ದರೆ ನಾನು ಯಾಕೆ ಹಾಗೆ ನಿಲ್ಲುತ್ತಿದ್ದೆ? ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಊದಿ ಹೆಸರು ಹೇಳಬೇಕು. ಅವಳು ಹೇಳುವಾಗ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕೆಂಬುದು ನನಗಂತೂ ಈವರೆಗೆ ತಿಳಿದಿಲ್ಲ. ಗುದ್ದುವವರಿಗೆ ಕಾರಣ ಬೇಕಾಗಿಯೂ ಇಲ್ಲ, ಹಳೆಯ ಬಾಕಿಯೆಲ್ಲ ಆ ಹೊತ್ತಿಗೆ ಚುಕ್ತಾ ಆಗುತ್ತದೆ. ಇದರ ಜೊತೆಗೆ ನಮ್ಮ ಮನೆತನದಲ್ಲಿ ಇನ್ನೊಂದು ಪದ್ಧತಿ: ಅತ್ತೆಯಾದವಳು ಕೂಸಿನ ಹೆಸರು ಕೊರೆಸಿದ ಹಾಲಿನ ಬಟ್ಟಲನ್ನು ತೊಟ್ಟಿಲಲ್ಲಿ ಇಡಬೇಕು. ಹೆಸರು ಹೊರಬೀಳುವುದು ಐತವಾರ, ಬಟ್ಟಲು ತಯಾರಾಗಬೇಕಾದದ್ದು ಅದಕ್ಕೂ ಮೊದಲು. ಅಂದರೆ ಅತ್ತೆಯ ತಲೆಯಲ್ಲಿ ಹೆಸರು ಗಟ್ಟಿಯಾಗಿ ಕೂತಿರಬೇಕು. ನನ್ನ ತಲೆಯಲ್ಲಿ ಆಗ ಎರಡು ಹೆಸರುಗಳಲ್ಲ, ಇಬ್ಬರು ಮನುಷ್ಯರು ಕೂತಿದ್ದರು. ಒಬ್ಬ ನನ್ನ ತಮ್ಮ ಬಸು, ಇನ್ನೊಬ್ಬಳು ಅವನ ಹೆಂಡತಿ ರೇಣು.

ಬಸು ಬೆಟಗೇರಿಯಲ್ಲಿ ನಮ್ಮಪ್ಪ ಬಿಟ್ಟುಹೋದ ಮಗ್ಗದ ಕೆಲಸವನ್ನೇ ನಡೆಸಿಕೊಂಡಿದ್ದಾನೆ. ಕೈಮಗ್ಗ ಹೋಗಿ ಪವರ್‌ಲೂಮ್ ಬಂದಿದೆ, ಗದ್ದಲ ಇಮ್ಮಡಿಯಾಗಿದೆ, ಅಷ್ಟೇ ವ್ಯತ್ಯಾಸ. ಮದುವೆಯಾಗಿ ಬಹಳ ವರ್ಷ ಕಾದಮೇಲೆ ಅವರಿಗೆ ಹುಟ್ಟಿದ ಕೂಸು ಇದು. ಹುಟ್ಟಿದ ಖಬರು ಬಂದ ದಿನವೇ ಬಸು ಫೋನಿನಲ್ಲಿ ಅಳುತ್ತ ನಗುತ್ತ ಹೇಳಿದ:

"ಅಕ್ಕಾ, ಹೆಸರಿನ ಬಗ್ಗೆ ನೀ ತಲಿ ಕೆಡಿಸ್ಕೋಬ್ಯಾಡ. ಅವ್ವನ ಹೆಸರ ಇಟ್ಟಬಿಡು. ಅಕಿ ಇದ್ದಾಗ ಇಟ್ರ ಕಣ್ಣಿಲೆ ನೋಡಿ ಖುಷಿಪಡ್ತಾಳ. ಶಾಂತಾ! ಬೇಕಾದ್ರ ಹೊಸಾ ಫ್ಯಾಶನ್ ಮಾಡಿ ಪ್ರಶಾಂತಿ ಅಂತ ಇಡು."

ಆತು ಎಂದೆ. ಅವ್ವನ ಹೆಸರು ಬೇಡ ಎನ್ನಲು ನನಗೇನು ಹುಚ್ಚೇ?

ಹಕ್ಕು ಸೋದರತ್ತೆಯದಾದರೂ ಹೆಸರು ಆರಿಸುವ ವಿಷಯದಲ್ಲಿ ನಮ್ಮಪ್ಪನ ಲೆಕ್ಕಾಚಾರವೇ ಬೇರೆಯಾಗಿತ್ತು. ಅವನು ಅರ್ಥ ನೋಡುತ್ತಿರಲಿಲ್ಲ, ಸದ್ದು ನೋಡುತ್ತಿದ್ದ. ಮುಂದಿನ ಖೋಲಿಯಲ್ಲಿ ಮಗ್ಗ, ಹಿಂದೆ ಅಡುಗೆಮನೆ. ನಾನು ಹುಟ್ಟಿದಾಗ ಅವನು ಮಗ್ಗ ನಡೆಸುತ್ತಲೇ ಒಂದೊಂದೇ ಹೆಸರನ್ನು ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದನಂತೆ. ಪುಷ್ಪ, ಕುಸುಮ, ಸುಮ ಎಲ್ಲವೂ ಮಗ್ಗದ ಖಟಪಟದಲ್ಲಿ ದಾರಿಯಲ್ಲೇ ಬಿದ್ದುಹೋದವು. ಸುಶೀಲಾ ಮಾತ್ರ ಆ "ಶೀ"ಯನ್ನು ಎಳೆದುಕೊಂಡು ಒಲೆಯ ತನಕ ಹೋಗಿ ಮುಟ್ಟಿತು. ಹೀಗೆ ನಾನು ಸುಶೀಲೆಯಾದೆ. ಒಳ್ಳೆಯ ನಡತೆಯವಳು ಎಂದು ಅರ್ಥ. ನನ್ನನ್ನು ಬಲ್ಲವರ ಎದುರು ಈ ಅರ್ಥ ಹೇಳಿದರೆ ಅವರಿಗೆ ಕೆಮ್ಮು ಬರುತ್ತದೆ, ನನ್ನ ಗಂಡನಿಗಂತೂ ನೀರೇ ಕೊಡಬೇಕಾಗುತ್ತದೆ.

ಸೋಜಿಗವೆಂದರೆ ಅಪ್ಪನ ಈ ಪರೀಕ್ಷೆಯಲ್ಲಿ ಫೇಲಾದ ಹೆಸರು ಮನೆಯಲ್ಲೇ ಒಂದಿತ್ತು, ಅದು ಅವ್ವನದು. "ಶಾಂತಾ" ಎಂಬುದರಲ್ಲಿ ಎಳೆದು ಕೂಗಲು ಏನು ಕಡಿಮೆಯಿದೆ ಹೇಳಿ? ಆದರೂ ಅಪ್ಪ ಮೂರು ಸಲ ಕೂಗಿದರೂ ಅವ್ವನಿಗೆ ಕೇಳಿಸುತ್ತಿರಲಿಲ್ಲ. ಕೊನೆಗೆ ಅವನು ನೂಲು ಸುತ್ತುವ ಖಾಲಿ ಕಂಡಿಕೆಯೊಂದನ್ನು ನೆಲದ ಮೇಲೆ ಉರುಳಿಸಿಬಿಡುತ್ತಿದ್ದ. ಅದು ಗಡಗಡ ಉರುಳಿ ಒಲೆಯ ಮುಂದೆ ಹೋಗಿ ನಿಂತರೆ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಬರುತ್ತಿದ್ದಳು. ಮಗ್ಗದ ಗದ್ದಲಕ್ಕೆ ಅವ್ವನ ಕಿವಿ ಮಂದವಾಗಿದೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ವಾರಗಿತ್ತಿಯರಿಗೆ, ಓಣಿಯವರಿಗೆ, ಎಲ್ಲರಿಗೂ ಅದು ಗೊತ್ತಿತ್ತು. ಶಾಂತವ್ವನನ್ನು ಕರೆಯಬೇಕಾದರೆ ಎದ್ದುಹೋಗಿ ಭುಜ ಮುಟ್ಟಬೇಕು.

ಬಸು ಫೋನಿಟ್ಟ ಮರುದಿನ ಕೊರ್ಲಹಳ್ಳಿಯಿಂದ ರೇಣುವಿನ ಫೋನು ಬಂತು. ಬಾಣಂತಿ ತವರಿನಲ್ಲಿದ್ದಳು. ದನಿ ಬಹಳ ಸಣ್ಣದಾಗಿತ್ತು.

"ಅಕ್ಕಾರ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬಾರದು."

"ಹೇಳವಾ."

"ಅತ್ತಿ ಹೆಸರ ಇಟ್ರ ನಾ ಕೂಸಿನ್ನ ಹೆಂಗ ಕರೀಲಿ? ಅತ್ತಿ ಅಂದ್ರ ನನಗ ಜೀವರಿ, ಅದಕ್ಕ ಇವರ ಮುಂದ ಬಾಯಿ ಬಿಡಾಕ ಆಗವಲ್ದು. ಆದ್ರ ಅವರ ಹೆಸರ ಹಿಡದು ಏ ಅನ್ನಾಕ ನನ್ನ ನಾಲಗಿ ಏಳಂಗಿಲ್ಲ. ಓಣಿ ಮಂದಿನೂ ಸುಮ್ನಿರಂಗಿಲ್ಲ. ಇಷ್ಟ ವರ್ಷ ಕಾದೇನ್ರಿ ಅಕ್ಕಾರ. ನನ್ನ ಮಗಳ್ನ ನಾ ಬಾಯಿ ತುಂಬ ಕರೀಬೇಕು. ಬೈಬೇಕು, ಚೀರಬೇಕು. ನೀವ ಏನಾರ ಮಾಡ್ರಿ."

ಈಗಿನ ಕಾಲದಲ್ಲೂ ಹೀಗೆಯೇ ಎಂದು ನೀವು ಕೇಳಬಹುದು. ಹೀಗೆಯೇ. ನಮ್ಮಲ್ಲಿ ಸೊಸೆಯಾದವಳು ಅತ್ತೆ ಮಾವಂದಿರ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಬ್ಯಾಂಕಿಗೆ ಹೋಗುವ, ಸ್ಕೂಟಿ ಓಡಿಸುವ ಸೊಸೆಯಂದಿರಿಗೂ ಆ ಒಂದು ಹೆಸರಿನ ಹತ್ತಿರ ಬಂದರೆ ನಾಲಗೆ ತಡೆಯುತ್ತದೆ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾಕೆಂದರೆ ನನ್ನ ಮಗಳ ಹೆಸರು ಗಿರಿಜಾ.

ಲಕ್ಷ್ಮೇಶ್ವರದಲ್ಲಿ ನನ್ನ ಗಂಡನ ಮನೆ. ಗಿರಿಜವ್ವ ಎಂದರೆ ನಮ್ಮತ್ತೆಯವರ ಅತ್ತೆ. ಬಹಳ ದೊಡ್ಡ ಹೆಂಗಸು, ತೀರಿಕೊಂಡಿದ್ದರೂ ಮನೆಯಲ್ಲಿ ಅವರದೇ ದರ್ಬಾರು. ಮಗಳಿಗೆ ಅವರ ಹೆಸರನ್ನಿಟ್ಟರು. ಅಲ್ಲಿಗೆ ಆ ಹೆಸರನ್ನು ನಾನೂ ಕರೆಯುವಂತಿಲ್ಲ, ನಮ್ಮತ್ತೆಯೂ ಕರೆಯುವಂತಿಲ್ಲ. ಇಡೀ ದಿನ ಕೂಸನ್ನು ಎತ್ತಿ ಆಡಿಸುವ ಇಬ್ಬರು ಹೆಂಗಸರ ಬಾಯಿಗೂ ಬೀಗ. ನಾನು ಚಿನ್ನಿ ಎನ್ನುತ್ತಿದ್ದೆ, ಅತ್ತೆ ಅಮ್ಮಿ ಎನ್ನುತ್ತಿದ್ದರು, ಕೂಸು ಎರಡಕ್ಕೂ ಓ ಎನ್ನುತ್ತಿರಲಿಲ್ಲ.

ಒಮ್ಮೆ ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೆವು. ನಾನು ಚೀಲ ಎಣಿಸುತ್ತಿದ್ದೆ, ಅತ್ತೆ ಚಪ್ಪಲಿ ಹುಡುಕುತ್ತಿದ್ದರು. ಆಗಿನ್ನೂ ಓಡಲು ಕಲಿತ ನನ್ನ ಮಗಳು ಕೈ ಬಿಡಿಸಿಕೊಂಡು ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಕಡೆ ಓಡಿದಳು. ಬಾಯಿ ತೆರೆದೆ, ಹೆಸರು ಗಂಟಲಲ್ಲೇ ನಿಂತಿತು. ಅತ್ತೆ ಪಕ್ಕದಲ್ಲೇ ಇದ್ದರಲ್ಲ! "ಏ ಇಕೀ!" ಎಂದು ಕಿರುಚಿದೆ. ಅತ್ತೆ "ಏ ಅಕೀ!" ಎಂದು ಕಿರುಚಿದರು. ಬಸ್ ಸ್ಟ್ಯಾಂಡಿನ ಅರ್ಧ ಹೆಂಗಸರು ತಿರುಗಿ ನೋಡಿದರು, ನನ್ನ ಮಗಳೊಬ್ಬಳು ನೋಡಲಿಲ್ಲ. ಶೇಂಗಾ ಮಾರುವ ಮುದುಕಿಯೊಬ್ಬಳು ಅವಳ ಲಂಗ ಹಿಡಿದು ಈಚೆ ಎಳೆದಳು. ಆಮೇಲೆ ನಾನೂ ಅತ್ತೆಯೂ ಅಲ್ಲಿಯೇ ಕಟ್ಟೆಯ ಮೇಲೆ ಕೂತು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತೆವು. ಸ್ವಲ್ಪ ಹೊತ್ತಿಗೆ "ಏ ಇಕೀ, ಏ ಅಕೀ" ನೆನಪಾಗಿ ನಗಲೂ ಶುರು ಮಾಡಿದೆವು. ಮಗಳು ಈಗ ದೊಡ್ಡವಳಾಗಿದ್ದಾಳೆ. ನಾನು ಇಂದಿಗೂ ಅವಳನ್ನು ಚಿನ್ನಿ ಎಂದೇ ಕರೆಯುತ್ತೇನೆ.

ಹೀಗಾಗಿ ರೇಣುವಿಗೆ ಮಾತು ಕೊಟ್ಟೆ. "ನೀ ಕೂಗಿ ಕರಿಯೂ ಹೆಸರನ್ನ ಇಡ್ತೇನಿ, ಕಾಳಜಿ ಮಾಡಬ್ಯಾಡ." ಮಾತು ಕೊಟ್ಟ ಮೇಲೆ ನೆನಪಾಯಿತು, ಬಸುವಿಗೂ ಆತು ಎಂದಿದ್ದೇನೆ.

ಇಬ್ಬರಿಗೂ ಒಪ್ಪುವ ಬೇರೆ ಹೆಸರಿಗಾಗಿ ಎಷ್ಟು ತಿಣುಕಾಡಿದೆ! ನಾನು ಶಾಲೆಯಲ್ಲಿ ಹಾಜರಿ ಕೂಗುವವಳು, ಹೆಸರುಗಳಿಗೆ ಬರವೇ? ಆದರೆ ಈಗಿನ ಹಾಜರಿಯಲ್ಲಿ ಎಲ್ಲ ಹೆಸರುಗಳೂ ಒಂದೇ ಅಂಗಡಿಯ ಬಟ್ಟೆಯಂತೆ ಕಾಣುತ್ತವೆ. ಧನ್ವಿಕಾ, ತನ್ವಿಕಾ, ಮನ್ವಿಕಾ. ಒಬ್ಬ ತಾಯಿಯನ್ನು ಅರ್ಥವೇನೆಂದು ಕೇಳಿದೆ. "ಅರ್ಥ ಆಮ್ಯಾಲ ನೋಡ್ತೇವ್ರಿ ಟೀಚರ್, ಮದ್ಲ ಎಲ್ಲಾರೂ ಇಡಾಕತ್ತಿದ್ರಲ್ಲ, ಇಟ್ವಿ" ಎಂದಳು. ಮೊಬೈಲಿನಲ್ಲಿ ಹುಡುಕಿದರೆ ಯಾವ ಹೆಸರು ಒತ್ತಿದರೂ ಅರ್ಥ ಒಂದೇ: ಲಕ್ಷ್ಮಿ, ಇಲ್ಲವೇ ಸುಂದರಿ.

ಹಳೆಯ ಹೆಸರುಗಳ ಕಡೆ ಹೋದರೆ ಒಂದೊಂದಕ್ಕೂ ಒಬ್ಬೊಬ್ಬರು ಅಂಟಿಕೊಂಡಿದ್ದರು. ಗೌರಿ ಎಂದೆ. "ಓಣಿ ತುದಿಗೆ ಹಾಲಿನವರ ಎಮ್ಮಿ ಹೆಸರ ಗೌರಿ, ಅದು ಒದಿತೈತಿ" ಎಂದ ಬಸು. ಸರೋಜಾ ಎಂದೆ. ಅವನಿಗೆ ಆರನೇ ಇಯತ್ತೆಯಲ್ಲಿ ಕಿವಿ ಹಿಂಡಿದ ಶಾಲೆಯ ಅಕ್ಕೋರ ಹೆಸರಂತೆ, ಆ ಹೆಸರು ಕೇಳಿದರೆ ಈಗಲೂ ಕಿವಿ ಬಿಸಿಯಾಗುತ್ತದಂತೆ. ಪಲ್ಲವಿ ಎಂದೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತಿ "ಭಾಳ ಚಂದ ಹೆಸರ" ಎಂದರು. ನನ್ನ ಅಡುಗೆಗೆ, ಸೀರೆಗೆ, ಯಾವುದಕ್ಕೂ ಅವರು ಅಷ್ಟು ಜಲ್ದಿ ಚಂದ ಎಂದವರಲ್ಲ. ಆ ಹೆಸರನ್ನು ಅಲ್ಲಿಗೇ ಬಿಟ್ಟೆ. ಆ ಪಲ್ಲವಿ ಯಾರೆಂದು ಕೇಳುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಕೊನೆಗೆ ಅವ್ವನನ್ನೇ ಕೇಳಿದೆ. "ಯಾವ ಹೆಸರಾದ್ರೇನು, ಕರದ್ರ ಕೂಸು ಓ ಅಂದ್ರ ಆತು" ಎಂದು ಹೇಳಿ ಅವರೆಕಾಳು ಸುಲಿಯತೊಡಗಿದಳು. ಅವ್ವ ಯಾವುದಕ್ಕೂ ಹಟ ಮಾಡಿದವಳಲ್ಲ. ನನಗೆ ನೆನಪಿರುವಂತೆ ಅವಳು ಗಟ್ಟಿಯಾಗಿ ಮಾತಾಡಿದ್ದು ಒಂದೇ ಸಲ, ಅದು ನನ್ನ ಮದುವೆಯಲ್ಲಿ. ಆಗೆಲ್ಲ ನಮ್ಮ ಕಡೆ ಕೆಲವು ಮನೆಗಳಲ್ಲಿ ಮದುವೆಯ ದಿನ ಪರಾತದಲ್ಲಿ ಅಕ್ಕಿ ಹರವಿ ಅದರ ಮೇಲೆ ಮದುಮಗಳ ಹೊಸ ಹೆಸರು ಬರೆಸುವ ಪದ್ಧತಿಯಿತ್ತು. ಬೀಗರು ಪರಾತ ತಂದಿಟ್ಟಾಗ ಅವ್ವ ಎಲ್ಲರ ಎದುರಿಗೆ "ನನ್ನ ಮಗಳ ಹೆಸರ ಬದ್ಲಿ ಮಾಡಬ್ಯಾಡ್ರಿ" ಎಂದುಬಿಟ್ಟಳು. ಮಾರ್ಕ್ಸ್ ಕಾರ್ಡಿನ ತೊಂದರೆಗಾಗಿ ಹೇಳಿರಬೇಕು ಎಂದುಕೊಂಡು ಎಲ್ಲರೂ ಸುಮ್ಮನಾದರು. ನಾನೂ ಹಾಗೆಯೇ ತಿಳಿದಿದ್ದೆ.

ಅಂತೂ ಬಟ್ಟಲನ್ನು ಖಾಲಿಯೇ ಚೀಲಕ್ಕೆ ಹಾಕಿಕೊಂಡು ಬಂದೆ. "ಹೆಸರ ಸಿಕ್ಕ ಮ್ಯಾಲ ಬರ್ರಿ, ಸೂಜಿ ಎಲ್ಲಿ ಹೋಗಂಗಿಲ್ಲ" ಎಂದು ದಾದಾಪೀರ ಮಾಮಾ ಕಳಿಸಿಕೊಟ್ಟಿದ್ದರು.

ಐತವಾರ ಮುಂಜಾನೆ ಒಂದು ಟ್ರ್ಯಾಕ್ಸ್ ಗಾಡಿ ಬಾಡಿಗೆ ಮಾಡಿಕೊಂಡು ಬೆಟಗೇರಿಯಿಂದ ಹೊರಟೆವು. ಮುಂಡರಗಿ ದಾಟಿದ ಮೇಲೆ ಮುಂದಿನ ಸೀಟಿನಲ್ಲಿದ್ದ ಅವ್ವ ಕಿಡಕಿಯಿಂದ ಕತ್ತು ಹೊರಹಾಕಿ ಕೂತಳು. ಹೊಳೆದಂಡೆಯ ಸಿಂಗಟಾಲೂರು ಅವ್ವನ ತವರು, ಕೊರ್ಲಹಳ್ಳಿಯಿಂದ ದೂರವಿಲ್ಲ. ನಮ್ಮ ಸೋದರಮಾವಂದಿರು ಇದ್ದಾಗ ರಜೆಗೆ ಹೋಗುತ್ತಿದ್ದೆವು. ಅವ್ವ ಹಿರಿಯಳು, ಅಲ್ಲಿ ಎಲ್ಲರೂ ಅವಳನ್ನು ಅಕ್ಕಾ ಎನ್ನುತ್ತಿದ್ದರು. ಮಾವಂದಿರು ತೀರಿಕೊಂಡ ಮೇಲೆ ಅವಳು ಆ ಕಡೆ ಬಂದದ್ದೇ ಕಡಿಮೆ.

ಕೊರ್ಲಹಳ್ಳಿಯ ಮನೆಯಲ್ಲಿ ಗುಗ್ಗರಿ ಬೆಂದ ವಾಸನೆ ಬಾಗಿಲಿಗೇ ಬಂದು ಕರೆಯಿತು. ತೊಲೆಗೆ ತೊಟ್ಟಿಲು ಕಟ್ಟಿದ್ದರು. ಮೊದಲು ಗುಂಡುಕಲ್ಲಿಗೆ ಕುಲಾಯಿ ತೊಡಿಸಿ ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿದರು, ಆಮೇಲೆ ಕೂಸನ್ನು. ಕಲ್ಲು ಸುಮ್ಮನಿತ್ತು, ಕೂಸು ಊರಿಗೆಲ್ಲ ಕೇಳುವಂತೆ ಅತ್ತಿತು. ಬಾಗಿಲ ಹತ್ತಿರ ನಿಂತಿದ್ದ ಬಸು ನನಗೆ ಹುಬ್ಬಿನಲ್ಲೇ "ಶಾಂತಾ, ಶಾಂತಾ" ಎಂದು ನೆನಪು ಮಾಡುತ್ತಿದ್ದ. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು ಚಾಪೆಯ ಮೇಲೆ ಕೂತಿದ್ದ ರೇಣು ನನ್ನನ್ನೇ ನೋಡುತ್ತಿದ್ದಳು. ಒಬ್ಬರಿಗೆ ಸುಳ್ಳಿಯಾಗುವುದು ಖಾತ್ರಿಯಾಗಿತ್ತು, ಯಾರಿಗೆ ಎಂಬುದಷ್ಟೇ ಬಾಕಿ.

"ಅಜ್ಜಿ ಎಲ್ಲ್ಯದಾರ? ಅವರು ಬರದ ಹೆಸರ ಇಡೂದು ಹೆಂಗ?" ಎಂದರು ಯಾರೋ. ಅವ್ವ ಅಂಗಳದ ಬೇವಿನ ಕಟ್ಟೆಯ ಮೇಲೆ ಆ ಕಡೆ ಮುಖ ಮಾಡಿ ಹೊಳೆಯ ದಿಕ್ಕಿಗೆ ನೋಡುತ್ತ ಕೂತಿದ್ದಳು. ನಾನು "ಅವ್ವಾ" ಎಂದೆ. ಬಸು ಒಮ್ಮೆ ಕರೆದು, ಗಂಡಸರಿಗೆ ಚಹಾ ಹಂಚಲು ಹೊರಗೆ ಹೋದ. ರೇಣುವಿನ ತಾಯಿ ಹೊಸ್ತಿಲಿಗೆ ಬಂದು "ಶಾಂತವ್ವಾರ, ಒಳಗ ಬರ್ರಿ!" ಎಂದು ಕೂಗಿದರು. ಅವ್ವ ಅಲುಗಲಿಲ್ಲ. ಭುಜ ಮುಟ್ಟಿ ಎಬ್ಬಿಸಲು ನಾನು ಮೆಟ್ಟಿಲಿಳಿಯುತ್ತಿದ್ದೆ.

ಆ ಹೊತ್ತಿಗೆ ಕೋಲೂರಿಕೊಂಡು ಮುದುಕಿಯೊಬ್ಬಳು ಅಂಗಳದ ಬಾಗಿಲಿಗೆ ಬಂದಳು. ರೇಣುವಿನ ತಾಯಿಗೆ ಸಂಬಂಧದವಳು, ಮದುವೆಯಾಗಿ ದೂರದೂರಿಗೆ ಹೋಗಿದ್ದು ಈಚೆಗೆ ತವರಿಗೆ ಮರಳಿದ ಸಿಂಗಟಾಲೂರಿನ ಪಾರವ್ವ. ಅವಳು ನಿಂತಳು, ಅವ್ವನ ಬೆನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, ಅಷ್ಟೇನೂ ಜೋರಾಗಿಯಲ್ಲ,

"ಏ ನೀಲೀ" ಎಂದಳು.

"ಓ!" ಎಂದು ಅವ್ವ ತಿರುಗಿದಳು.

ಎಂಥ ಓ ಅದು! ಎಪ್ಪತ್ತು ದಾಟಿದ ನಮ್ಮವ್ವನ ಬಾಯಿಂದ ಲಂಗ ತೊಟ್ಟ ಹುಡುಗಿಯ ದನಿ ಬಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಪಾರೀ? ನೀ ಇನ್ನಾ ಅದೀಯೇನ ಲೇ?"

"ನೀ ಇರೂಮಟ ನಾ ಎಲ್ಲಿ ಹೋಗ್ಲಿ?"

ತಬ್ಬಿಕೊಂಡು ಇಬ್ಬರೂ ಗೊಳೋ ಎಂದು ಅತ್ತರು, ಅತ್ತಷ್ಟೇ ಜೋರಾಗಿ ನಕ್ಕರು. ನಾನು ಹತ್ತಿರ ಹೋಗಿ ಕೇಳಿದೆ, "ನೀಲಿ ಅಂದ್ರ ಯಾರವಾ?"

ಪಾರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ್ ಅಂದ್ರ? ನಿಮ್ಮವ್ವ! ನೀಲವ್ವ. ಹೊಳಿಗೆ ನೀರಿಗೆ ಹೋದ್ರ ನಾ ಈ ದಂಡಿಗೆ ನಿಂತು ಕೂಗಿದ್ರ ಇಕಿ ಆ ದಂಡಿಯಿಂದ ಓ ಅಂತಿದ್ಲು. ಹಡದಾಕಿ ಹೆಸರ ಗೊತ್ತಿಲ್ಲೇನ ನಿಮಗ?"

ಗೊತ್ತಿರಲಿಲ್ಲ. ಅವ್ವನಿಗೆ ಇನ್ನೊಂದು ಹೆಸರಿರಬಹುದೆಂಬುದು ನಮಗಾರಿಗೂ ಹೊಳೆದಿರಲಿಲ್ಲ. ಅವ್ವ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ಮದುವಿ ದಿನ ನಿಮ್ಮಜ್ಜಿ ಅಕ್ಕಿ ಮ್ಯಾಲ ಶಾಂತಾ ಅಂತ ಬರಿಸಿದ್ಲು. ಮಗ್ಗದ ಮನ್ಯಾಗ ಮದ್ಲ ಗದ್ದಲ ಭಾಳ, ಸೊಸಿಯಾದ್ರೂ ಶಾಂತ ಇರ್ಲಿ ಅಂದ್ಲು. ಅವತ್ತಿಂದ ಇದ್ದೇನಿ ನೋಡು."

ಅಂಗಳದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವನೂ ನಕ್ಕಳು. ನನಗೆ ಮಾತ್ರ ಒಲೆಯ ಮುಂದೆ ಉರುಳಿ ಬಂದು ನಿಲ್ಲುತ್ತಿದ್ದ ಕಂಡಿಕೆ ನೆನಪಾಯಿತು. ಅವ್ವನ ಕಿವಿ ಮಂದ ಎಂದು ಅಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆವಲ್ಲ! ನನ್ನ ಮದುವೆಯ ಅಕ್ಕಿಯ ಪರಾತವೂ ನೆನಪಾಯಿತು.

"ಹೊತ್ತಾತು, ಜಲ್ದಿ ಬರ್ರಿ" ಎಂದು ಒಳಗಿಂದ ಕೂಗಿದರು. ಹೋದೆ, ತೊಟ್ಟಿಲಿಗೆ ಬಗ್ಗಿದೆ. ಕೂಸು ಅಳು ನಿಲ್ಲಿಸಿ ನನ್ನ ಮೂಗುತಿಯನ್ನೇ ನೋಡುತ್ತಿತ್ತು. ಎಳೆ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಿದೆ. ಬೆನ್ನ ಮೇಲೆ ದಬದಬ ಗುದ್ದು ಬಿದ್ದವು. ಎಲ್ಲಕ್ಕಿಂತ ಜೋರಾದದ್ದು ಪಾರವ್ವನದು, ಆ ವಯಸ್ಸಿನಲ್ಲಿ ಅವಳಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ.

"ಏನ್ ಹೆಸರ, ಜೋರ ಹೇಳ್ರಿ!"

"ನೀಲಾ" ಎಂದೆ.

ಬಸುವಿನ ಮುಖ ನೋಡಬೇಕಿತ್ತು. ಗಂಡಸರ ನಡುವೆ ಹೊರಗೆಲ್ಲೋ ಚಹಾ ಹಂಚುತ್ತಿದ್ದ ಅವನಿಗೆ ಅಂಗಳದ ಕಥೆ ಇನ್ನೂ ಮುಟ್ಟಿರಲಿಲ್ಲ. "ಅಕ್ಕಾ, ಇದೇನ ಬಟ್ಟಿಗೆ ಹಾಕೂ ನೀಲಿ? ಅವ್ವನ ಹೆಸರ ಇಡು ಅಂದಿದ್ನಲ್ಲ!"

"ಅವ್ವನ ಹೆಸರನ್ನ ಇಟ್ಟೇನಪಾ" ಎಂದೆ.

ಅವನು ಅವ್ವನ ಕಡೆ ತಿರುಗಿದ. ಅವ್ವ ಪಾರವ್ವನ ಕೈ ಹಿಡಿದುಕೊಂಡು ತೊಟ್ಟಿಲ ಹಗ್ಗ ತೂಗುತ್ತಿದ್ದಳು, ತೂಗುತ್ತ ತೂಗುತ್ತ ತುಟಿಯಲ್ಲೇ ಆ ಹೆಸರನ್ನು ಹೇಳಿಕೊಳ್ಳುತ್ತಿದ್ದಳು. ಬಸು ಹೋಗಿ ಆ ಹಗ್ಗಕ್ಕೆ ತಾನೂ ಕೈ ಹಚ್ಚಿದ. ರೇಣು ಕೂಸನ್ನು ಎತ್ತಿಕೊಂಡು, ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ "ನೀಲಾ" ಎಂದು ಕರೆದು ನೋಡಿದಳು. ಇಷ್ಟು ವರ್ಷ ಅವಳು ಬಾಯಿಗೆ ತರದೆ ಕಾಯ್ದ ಹೆಸರು ಶಾಂತಾ, ನೀಲಾ ಅಲ್ಲ; ಅವಳ ನಾಲಗೆ ಎಲ್ಲೂ ತಡೆಯಲಿಲ್ಲ.

ಬಟ್ಟಲು ತೆಗೆದುಕೊಂಡು ಮತ್ತೆ ಗದಗಿಗೆ ಹೋದಾಗ ದಾದಾಪೀರ ಮಾಮಾ ಹೆಸರು ಕೇಳಿ ಹಣೆ ಬಡಿದುಕೊಂಡರು. "ಎರಡ ಅಕ್ಷರ! ಇದಕ್ಕ ಇಷ್ಟ ದಿನ ಬೇಕಾತೇನ್ರಿ ಅಕ್ಕಾರ?" ಎಂದು ಹೇಳಿ ಹೆಸರಿನ ಪಕ್ಕಕ್ಕೆ ಒಂದು ಹೂವನ್ನೂ ಪುಕ್ಕಟೆ ಕೊರೆದುಕೊಟ್ಟರು.

ಮೊನ್ನೆ ಬೆಟಗೇರಿಗೆ ಹೋಗಿದ್ದೆ. ನೀಲಾ ಈಗ ಹೆಜ್ಜೆ ಹಾಕುತ್ತಾಳೆ, ಹೂವಿನ ಬಟ್ಟಲನ್ನು ಹಾಲಿಗಿಂತ ಹೆಚ್ಚು ಮಣ್ಣು ತುಂಬಲು ಬಳಸುತ್ತಾಳೆ. ಮುಂದಿನ ಖೋಲಿಯಲ್ಲಿ ಮಗ್ಗಗಳು ಕಿವಿ ಗಡಚಿಕ್ಕುವಂತೆ ನಡೆದಿದ್ದವು. ಅವ್ವ ಅಡುಗೆಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದ ರೇಣು, ಮಗಳು ಮುಷ್ಟಿಯನ್ನು ಬಾಯಿಗೊಯ್ಯುವುದನ್ನು ಕಂಡು ಬಾಯಿ ತುಂಬ ಚೀರಿದಳು:

"ಏ ನೀಲೀ! ಮಣ್ಣ ತಿನಬ್ಯಾಡ!"

"ಓ!" ಎಂದಳು ಅವ್ವ ಅಡುಗೆಮನೆಯಿಂದ. ಅಷ್ಟು ಗದ್ದಲದಲ್ಲಿ, ಒಂದೇ ಕೂಗಿಗೆ.

ರೇಣು ನಾಲಗೆ ಕಚ್ಚಿಕೊಂಡು ಬಾಗಿಲಿಗೆ ಓಡಿ ಬಂದಳು. "ಅಯ್ಯ ಅತ್ತಿ, ನಿಮಗಲ್ಲರಿ! ಕೂಸಿಗೆ ಅಂದೆ."

"ಗೊತ್ತೈತೇಳವಾ" ಎಂದಳು ಅವ್ವ, ಸೊಪ್ಪಿನಿಂದ ಕಣ್ಣು ತೆಗೆಯದೆ. "ಇನ್ನೊಮ್ಮಿ ಕೂಗು."

ರೇಣು ನನ್ನನ್ನು ನೋಡಿದಳು. ನಾನು ಗೋಣು ಹಾಕಿದೆ. ಅವಳು ಹಿತ್ತಲ ನಡುವೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಓಣಿಗೆಲ್ಲ ಕೇಳುವಂತೆ ಕೂಗಿದಳು. ಒಳಗಿನಿಂದ ಒಂದು, ಮಣ್ಣು ಮೆತ್ತಿದ ಬಾಯಿಂದ ಒಂದು, ಎರಡು ಓ ಬಂದವು.